ಸೊಂಟದಳತೆಯ ಫರಸಿ

ಮದುವೆಯಾದ ಮಾರನೆಯ ದಿನ ನಮ್ಮಕ್ಕ ಹೊಳೆವ್ವನನ್ನು ಅವಳ ಗಂಡನ ಮನೆಯವರು ತಮ್ಮ ಖಾನಾವಳಿಯ ಒಲೆಯ ಮುಂದೆ ನಿಲ್ಲಿಸಿ, ಪಾದ ಮುಳುಗುವ ತನಕ ಅಲ್ಲಾಡಬೇಡ ಎಂದರು. ಅವಳು ಅಲ್ಲಾಡಲಿಲ್ಲ.

ನಮ್ಮೂರಿನಲ್ಲಿ ನಿಂತಲ್ಲೇ ನಿಂತವರು, ಮಾಡಿದ್ದನ್ನೇ ಮಾಡುತ್ತ ಕೂತವರು ನೆಲದೊಳಕ್ಕೆ ಇಳಿಯುತ್ತಾರೆ. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು, ಆಮೇಲೆ ತೊಡೆ. ನೋವೇನೂ ಆಗುವುದಿಲ್ಲ. ಹದವಾಗಿ ನಾದಿದ ಹಿಟ್ಟಿನ ಹಾಗೆ ಮಣ್ಣು ಕಾಲನ್ನು ಅಪ್ಪಿಕೊಳ್ಳುತ್ತದೆ, ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಗೆ. ಹೀಗಾಗಿ ಯಾರಿಗೂ ಇದರ ಬಗ್ಗೆ ದೂರಿಲ್ಲ. ದೂರಿಲ್ಲದಿರುವುದಷ್ಟೇ ಅಲ್ಲ, ಹೆಮ್ಮೆ ಬೇರೆ. ಹೆಣ್ಣು ಕೊಡುವವರು ಹುಡುಗ ಎಷ್ಟು ಓದಿದ್ದಾನೆಂದು ಕೇಳುವುದಿಲ್ಲ, ಎಷ್ಟು ಆಳ ಇದ್ದಾನೆಂದು ಕೇಳುತ್ತಾರೆ. ಶಾಲೆಯ ಮಾಸ್ತರರು ಮೊಣಕಾಲು ದಾಟಿ ಇಳಿದಿರುವುದರಿಂದ ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಾರೆ. ಮೇಲಿನ ಅರ್ಧದಲ್ಲಿ ಅವರಿಗಿಂತ ಹಿಂದಿನ ಮಾಸ್ತರರು ಬರೆದ ಭಾಗಾಕಾರವೊಂದು ಹಾಗೇ ಉಳಿದಿದೆ, ಅದನ್ನು ಬಿಡಿಸಿದವರಿಲ್ಲ. ಆಲದಕಟ್ಟೆಯ ಹಿರಿಯರು ಎದೆಮಟ್ಟ ಮುಳುಗಿ ನ್ಯಾಯ ಹೇಳುತ್ತಾರೆ. ಆಡುಗಳು ಬಂದು ಅವರ ರುಮಾಲು ನೆಕ್ಕುತ್ತವೆ. ಪುರಸಭೆಯ ಅಧ್ಯಕ್ಷರು ಕುತ್ತಿಗೆಯ ತನಕ ಹೋಗಿದ್ದಾರೆ. ಪ್ರತಿ ಚುನಾವಣೆಯಲ್ಲೂ ಅವರೇ ಗೆಲ್ಲುತ್ತಾರೆ. ಅವರನ್ನು ಇಳಿಸಬೇಕು ಎಂದು ಕೂಗುವವರೂ ಇದ್ದಾರೆ, ಆದರೆ ಇನ್ನೆಲ್ಲಿಗೆ ಇಳಿಸುವುದು?

ನಮ್ಮ ಓಣಿಯವರು ಎಬ್ಬಿಸುವವರು. ಮಗಳ ಮದುವೆ ಬಂದರೆ, ಕೋರ್ಟಿನ ತಾರೀಖು ಬಂದರೆ, ಅಣ್ಣತಮ್ಮಂದಿರ ಶವಕ್ಕೆ ಹೆಗಲು ಕೊಡಬೇಕಾದರೆ, ಮುಳುಗಿದ ಯಜಮಾನರು ನಮಗೆ ಹೇಳಿ ಕಳಿಸುತ್ತಾರೆ. ನಾವು ಹಗ್ಗ ಮತ್ತು ಔಡಲೆಣ್ಣೆ ತೆಗೆದುಕೊಂಡು ಹೋಗುತ್ತೇವೆ. ಹಗ್ಗ ಬರೀ ಮಂದಿಗೆ ತೋರಿಸಲಿಕ್ಕೆ. ಎಷ್ಟು ಜಗ್ಗಿದರೂ ನೆಲ ಬಿಡುವುದಿಲ್ಲ, ಚರ್ಮ ಸುಲಿಯುತ್ತದೆ ಅಷ್ಟೆ. ನಿಜವಾದ ಕೆಲಸ ಕಿವಿಯಲ್ಲಿ ನಡೆಯುವುದು. ಆ ಮನುಷ್ಯ ಹುಟ್ಟಿದಾಗಿನಿಂದ ಯಾವುದನ್ನು ಮಾಡಿಲ್ಲವೋ ಅದನ್ನು ಅವನ ಕೈಯಲ್ಲಿ ಮಾಡಿಸಬೇಕು. ಮಾಡಿದ ಕ್ಷಣ ನೆಲ ಬಿಡುತ್ತದೆ.

ಕಾಳಿನ ಅಡತಿ ಅಂಗಡಿಯ ಸಾಹುಕಾರ ಜನ್ಮದಲ್ಲಿ ಯಾರನ್ನೂ ಹೊಗಳಿದವನಲ್ಲ. ನಮ್ಮಪ್ಪ ದುರಗಪ್ಪ ಅವನ ಕಿವಿಯಲ್ಲಿ ಏನೋ ಹೇಳಿದ. ಸಾಹುಕಾರ ಬೆವೆತ, ಕೆಮ್ಮಿದ, ನೀರು ಕೇಳಿದ. ಕೊನೆಗೆ ತಮ್ಮನ ಕಡೆ ನೋಡಿ, "ನೀ ನನಕಿಂತ ಶಾಣ್ಯಾ ಇದ್ದೀ ತಮ್ಮಾ," ಎಂದ. ಮೂಲಂಗಿ ಕಿತ್ತ ಹಾಗೆ ಬಂದುಬಿಟ್ಟ. ಮಾಸ್ತರರನ್ನು ಒಮ್ಮೆ ಎಬ್ಬಿಸಿದ್ದು ಇನ್ನೂ ಚಂದ. ಹುಡುಗರ ಮುಂದೆ "ನನಗ ಗೊತ್ತಿಲ್ಲ" ಎಂದು ಹೇಳಿಸಿದೆವು. ಎಂಥ ರಭಸದಲ್ಲಿ ಎದ್ದರೆಂದರೆ ಜಂತಿ ಹಿಡಿದು ಜೋತಾಡುತ್ತಿದ್ದರು, ಮೇಜು ತಂದಿಟ್ಟು ಇಳಿಸಿದೆವು. ಎದ್ದವರಿಗೆ ಮೊದಮೊದಲು ತಲೆ ಗಿರ್ರನೆ ತಿರುಗುತ್ತದೆ. ಈಗಷ್ಟೇ ಹುಟ್ಟಿದ ಕರುವಿನ ಹಾಗೆ ಹೆಜ್ಜೆ ಹಾಕುತ್ತಾರೆ. ಕಾರಣವಿಲ್ಲದೆ ನಗುತ್ತಾರೆ, ರಸ್ತೆಯ ಬದಿ ನಿಂತು ಮಿರ್ಚಿ ತಿನ್ನುತ್ತಾರೆ, ಕಂಡವರನ್ನೆಲ್ಲ ತಬ್ಬಿಕೊಳ್ಳುತ್ತಾರೆ. ಸಂಜೆ ಹೊತ್ತಿಗೆ ಮನೆಗೆ ಹೋಗಿ, ಗುಡಿಸಿ ಇಟ್ಟಿದ್ದ ತಮ್ಮದೇ ಕುಳಿಯಲ್ಲಿ ಕಾಲು ಇಳಿಬಿಟ್ಟು, "ಹಾಂ, ಈಗ ಹಿತ ಆತು," ಎನ್ನುತ್ತಾರೆ.

"ಅವರು ಮತ್ತ ಮುಳುಗತಾರ ಅಂತನ ನಮ್ಮ ಹೊಟ್ಟಿ ನಡೀತೈತಿ," ಎನ್ನುತ್ತಿದ್ದ ಅಪ್ಪ.

ನೀವು ಮಾತ್ರ ಯಾಕೆ ಮುಳುಗುವುದಿಲ್ಲ ಎಂದು ಕೇಳುವವರಿದ್ದಾರೆ. ನಮಗೆ ಈ ಊರಿನಲ್ಲಿ ಯಾರೂ, ನಮ್ಮ ಹೆಣ್ಣು ತಂದುಕೊಂಡವರೂ, ಕೂತುಕೊಳ್ಳಿ ಎಂದು ಹೇಳಿಲ್ಲ, ಅದಕ್ಕೆ. ಕೆಲಸ ಮುಗಿಯುವ ತನಕ ಅಂಗಳ, ಮುಗಿದ ಮೇಲೆ ಹೊರಗೆ. ನಮ್ಮ ಓಣಿಯ ಹೆಂಗಸರು ಸೇರಿ ಓದುವ ಕೂಟವೊಂದನ್ನು ಮಾಡಿಕೊಂಡಿದ್ದೇವೆ. ಒಬ್ಬಳು ಗಟ್ಟಿಯಾಗಿ ಓದುತ್ತಾಳೆ, ಉಳಿದವರು ಜಗಳಾಡುತ್ತೇವೆ. ಅಲ್ಲಿಯೂ ವಾರಕ್ಕೊಂದು ಮನೆ, ಪುಟಕ್ಕೊಂದು ಜಾಗ. ನ್ಯಾಯ, ಸಮಾನತೆ ಎಂದು ಓದುತ್ತ ಓದುತ್ತ ಒಂದೇ ಮೂಲೆಯಲ್ಲಿ ಮುಳುಗಿಬಿಟ್ಟರೆ ನಗೆಪಾಟಲಾಗುತ್ತದಲ್ಲ.

ಗಂಡಸರನ್ನು ಎಬ್ಬಿಸಲು ಕರೆ ಬರುತ್ತದೆ. ಸೊಸೆಯನ್ನು ಎಬ್ಬಿಸಿರೆಂದು ಯಾರೂ ಕರೆಯುವುದಿಲ್ಲ. ಅವಳು ಎದ್ದರೆ ರೊಟ್ಟಿ ಬಡಿಯುವವರು ಯಾರು? ನಮ್ಮವ್ವ ಸತ್ತಾಗ ಹೊಳೆವ್ವ ಬರಲಿಲ್ಲ. ರೊಟ್ಟಿ ಕಳಿಸಿದಳು.

ನಾನು ಆಗಾಗ ಅವಳನ್ನು ನೋಡಲು ಹೋಗುತ್ತಿದ್ದೆ. ಮದುವೆಗೆ ಮೊದಲು ನಮ್ಮ ಓಣಿಯಲ್ಲಿ ಅವಳಷ್ಟು ಓಡುವವರು ಇರಲಿಲ್ಲ. ಬೇವಿನ ಮರ ಹತ್ತಿ ಕೂತು ಸೀಟಿ ಹೊಡೆಯುತ್ತಿದ್ದಳು, ಹುಡುಗರು ಆಡುವ ಚಿಣಿಫಣಿ ಕೋಲು ಕಸಿದುಕೊಂಡು ಹೋಗುತ್ತಿದ್ದಳು. ಆದರೆ ಯಾರಾದರೂ ಏನಾದರೂ ಹೇಳಿದರೆ ಮಾತ್ರ ತಟ್ಟನೆ ಮಾಡಿಬಿಡುವುದು ಅವಳ ಗುಣ. ನೀರು ತಾ ಎಂದರೆ ನೀರು. ಇಳಿ ಎಂದರೆ ಇಳಿದಳು. ಮದುವೆಯಾಗು ಎಂದರು, ಆದಳು. ಒಲೆಯ ಮುಂದೆ ಅವಳು ಇಳಿದಂತೆಲ್ಲ ಮನೆಯವರು ವರ್ಷಕ್ಕೊಮ್ಮೆ ಒಲೆಯನ್ನೂ ಒಡೆದು ತಗ್ಗಿಸಿ ಕಟ್ಟಿಸುತ್ತಿದ್ದರು. ಅದನ್ನು ಊರವರು ದೊಡ್ಡ ಪ್ರೀತಿಯೆಂದು ಹೊಗಳುತ್ತಿದ್ದರು.

"ಬ್ಯಾಸರ ಬರೂದಿಲ್ಲೇನಕ್ಕಾ?" ಎಂದು ಕೇಳಿದರೆ,

"ಕಾಲ್ ನೋಯೂದಿಲ್ಲ ಬೇ ಫಕ್ಕೀ, ಬೆಚ್ಚಗ ಐತಿ," ಎನ್ನುತ್ತಿದ್ದಳು. ನನ್ನ ಹೆಸರು ಫಕೀರವ್ವ. ಫಕ್ಕಿ ಎನ್ನುವವಳು ಅವಳೊಬ್ಬಳೇ. "ರೊಟ್ಟಿ ಬಡದ್ಯಾ, ಬೇಯಿಸಿದ್ಯಾ, ಮುಗೀತು. ಇನ್ನೇನ ಬೇಕ? ನೀ ಉಂಡೇನು?"

ಈ ವರ್ಷ ಬೆಳೆ ಬಂದ ಮೇಲೆ ಅವಳ ಗಂಡ ಬಾಳಪ್ಪ ನಮ್ಮ ಮನೆಗೆ ಬಂದ. ಬಾಗಿಲಲ್ಲೇ ನಿಂತು ಹಲ್ಲು ಕಿರಿದ.

"ನಿಮ್ಮಕ್ಕ ಸೊಂಟಕ್ಕ ಬಂದ್ಳವಾ. ಬರೂ ಸೋಮವಾರ ಫರಸಿ ಕಾರ್ಯ ಇಟ್ಕೊಂಡೇವಿ. ತವರಿನ ಸೀರಿ ತಗೊಂಡು ಬರ್ರಿ."

ನಮ್ಮೂರಿನಲ್ಲಿ ಸೊಸೆ ಸೊಂಟದ ತನಕ ಇಳಿದಳೆಂದರೆ ಅಡುಗೆಮನೆಗೆ ಹೊಸ ಫರಸಿ ಕಲ್ಲು ಹಾಸುತ್ತಾರೆ. ನಡುವಿನ ಕಲ್ಲಿನಲ್ಲಿ ಅವಳ ಸೊಂಟದ ಅಳತೆಗೆ ತೂತು ಕೊರೆದು, ಎರಡು ತುಂಡು ಮಾಡಿ, ಅವಳ ಸುತ್ತ ಕೂಡಿಸಿ ಗಚ್ಚು ಹಾಕಿಬಿಡುತ್ತಾರೆ. ಉಡಿ ತುಂಬಿ, ಆರತಿ ಎತ್ತಿ, ಊರಿಗೆ ಊಟ ಹಾಕುತ್ತಾರೆ. ಫರಸಿ ಕೂತ ಮೇಲೆ ಎಬ್ಬಿಸಲು ಯಾರಿಂದಲೂ ಆಗುವುದಿಲ್ಲ, ನಮ್ಮಪ್ಪನಿಂದಲೂ. ಅಪ್ಪ ಅಂದು ಊಟ ಮಾಡಲಿಲ್ಲ. "ಕರೀದ ಹೋಗಿ ಎಬ್ಬಸೋದು ನಮ್ಮ ಪದ್ಧತ್ಯಾಗ ಇಲ್ಲ," ಎಂದ. "ಕರದಾರಲ್ಲಪಾ, ಸೀರಿ ತಗೊಂಡ ಬಾ ಅಂತ," ಎಂದೆ ನಾನು.

ಸೋಮವಾರ ಹೋದೆ. ಹಗ್ಗ ಒಯ್ಯಲಿಲ್ಲ, ಸೀರೆ ಒಯ್ದೆ. ಬಾಡಿಗೆಯ ಟಾಂಗಾ ಒಂದನ್ನು ಹೊರಗೆ ನಿಲ್ಲಿಸಿದ್ದೆ.

ಖಾನಾವಳಿ ತುಂಬಿಹೋಗಿತ್ತು. ಅಕ್ಕನ ಅತ್ತೆ ಗುರಸವ್ವ ಬಾಗಿಲ ಬಳಿ ಗಲ್ಲಾಪೆಟ್ಟಿಗೆಯ ಹಿಂದೆ ಹೊಟ್ಟೆಯ ತನಕ ಮುಳುಗಿ, ಹೊಸ ಇಳಕಲ್ಲಿನ ಸೆರಗು ಹೊದ್ದು, ಅಲ್ಲಿಂದಲೇ ಇಡೀ ಮನೆ ಆಳುತ್ತಿದ್ದಳು. ಗೋಡೆಗುಂಟ ಸಾಲಾಗಿ, ದಿನಾ ಬಂದು ದಿನಾ ಅದೇ ಜಾಗದಲ್ಲಿ ಉಂಡು ಉಂಡು ತೊಡೆಯ ತನಕ ಇಳಿದ ಕಾಯಂ ಗಿರಾಕಿಗಳು. ಅಡುಗೆಮನೆಯಲ್ಲಿ ಫರಸಿ ಕೆಲಸದ ಹುಸೇನಸಾಬ ಅಕ್ಕನ ಸುತ್ತ ದಾರ ಹಿಡಿದು ಕೊನೆಯ ಸಲ ಅಳತೆ ನೋಡುತ್ತಿದ್ದ. ಅವಳ ಮುಖ ನೋಡದೆ ಹೇಳುತ್ತಿದ್ದ, "ಎರಡ ಬಟ್ಟು ಸಡಲ ಬಿಟ್ಟೇನವ್ವಾ, ಉಸರಾಡಾಕ ಆಗತೈತಿ."

"ನಿಂಗ ಪುಣ್ಯ ಬರಲೆಪಾ," ಎಂದಳು ನಮ್ಮಕ್ಕ. ಕೈ ನಿಲ್ಲಿಸಿರಲಿಲ್ಲ, ರೊಟ್ಟಿ ಬಡಿಯುತ್ತಲೇ ಇದ್ದಳು.

ಹುಸೇನಸಾಬ ಕಲ್ಲು ತರಲು ಹಿತ್ತಲಿಗೆ ಹೋದ. ನಾನು ಅವಳ ಕಿವಿಗೆ ಬಾಗಿದೆ.

"ಅಕ್ಕಾ, ನಾ ಹೇಳಿದಂಗ ಮಾಡ್ತೀ?"

"ಮಾಡ್ತೇನಿ."

"ಸೀಟಿ ಹೊಡಿ."

"ಈಗ?"

"ಈಗ. ಜೋರಾಗಿ."

ಹಿಟ್ಟಿನ ಬೆರಳು ಬಾಯಲ್ಲಿಟ್ಟು ಹೊಡೆದಳು ನೋಡಿ. ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ಮಾಡಿನ ಪಾರಿವಾಳಗಳು ಹಾರಿದವು, ಗಿರಾಕಿಯೊಬ್ಬನ ಬಾಯಿಂದ ತುತ್ತು ಬಿತ್ತು. ನಾನು ಅವಳ ಕಂಕುಳಲ್ಲಿ ಕೈ ಕೊಟ್ಟು ಕಾದೆ. ಏಳುವುದಿರಲಿ, ಅವಳು ಒಂದು ಬಟ್ಟು, ಒಂದು ಬೆರಳಗಲ, ಕೆಳಗೆ ಹೋದಳು.

ತಪ್ಪು ನನ್ನದೇ ಎಂದುಕೊಂಡೆ. ಸೀಟಿ ಅವಳಿಗೆ ಹೊಸದೇನಲ್ಲ. ಗಂಡನ ಹೆಸರನ್ನಂತೂ ಹೇಳಿರಲಿಕ್ಕಿಲ್ಲ.

"ಗಂಡನ ಹೆಸರ ಹಿಡದ ಕರಿ."

"ಅಯ್ಯ!"

"ಕರಿ ಅಂದ್ನೆಲ್ಲ."

"ಬಾಳಪ್ಪಾ!" ಎಂದು ಕೂಗಿದಳು ಅಕ್ಕ. "ಏ ಬಾಳಪ್ಪಾ!"

"ಆಂ?" ಎಂದು ಬಾಳಪ್ಪ ಹೊರಗಿನಿಂದ ಓಗೊಟ್ಟ. ಕರೆದವರು ಯಾರೆಂದು ತಿಳಿದ ಮೇಲೆ ಕೈಯಲ್ಲಿದ್ದ ಸಾರಿನ ಬಕೀಟು ನೆಲಕ್ಕಿಟ್ಟು ಒಳಗೆ ಬಂದ. ಸಾಲಿನಲ್ಲಿ ನಗು ಎದ್ದಿತು. ದಿನಾ ಎರಡೇ ರೊಟ್ಟಿ ಉಂಡು ಗೋಡೆ ನೋಡುವ ಒಬ್ಬ ಮುದುಕ, ಎಂದೂ ನಕ್ಕಿರಲಿಕ್ಕಿಲ್ಲ, ಖೊಕ್ಕನೆ ನಕ್ಕುಬಿಟ್ಟ. ಪುಟಕ್ಕನೆ ತನ್ನ ಕುಳಿಯಿಂದ ಮೇಲೆ ಬಂದು, ಪಕ್ಕದವನ ತಾಟಿನಲ್ಲಿ ಕೂತ.

"ಎದ್ದೆ! ನಾ ಎದ್ದೆ!" ಎಂದು ಒದರಿದ. ಮೈಯೆಲ್ಲ ಬದನೆಕಾಯಿ ಎಣಗಾಯಿ.

ಆದರೆ ನಮ್ಮಕ್ಕ ಇನ್ನೊಂದು ಬಟ್ಟು ಇಳಿದಿದ್ದಳು. ನನಗೆ ಸಿಟ್ಟು ಬಂತು. ನೆಲದ ಮೇಲೆ, ಆ ಮನೆಯ ಮೇಲೆ, ಸೊಸೆಯ ಸೊಂಟಕ್ಕೆ ಕಲ್ಲು ಕೊರೆಯುವ ಈ ಊರಿನ ಮೇಲೆ. ಸಿಟ್ಟು ಬಂದಷ್ಟೂ ನನ್ನ ಹುಕುಂ ಜೋರಾಯಿತು. ಮಂದಿಗಿಂತ ಮೊದಲು ಉಣ್ಣು ಎಂದೆ. ಹಂಚಿನಿಂದಲೇ ರೊಟ್ಟಿ ಎತ್ತಿ ಉಂಡಳು, ಇಳಿದಳು. ಹಾಡು ಎಂದೆ. ಹಾಡಿದಳು, ಅದೂ ಎಂಥ ಹಾಡು, ಮದುಮಗನ ಮೀಸೆ ಹಂಗಿಸುವ ಹಾಡು. ಇಳಿದಳು. ಹಿಟ್ಟು ತೂರು ಎಂದೆ. ಬೊಗಸೆ ಬೊಗಸೆ ಹಿಟ್ಟು ತೂರಿದಳು, ಅಡುಗೆಮನೆ ಬೆಳ್ಳಗಾಯಿತು, ಬಾಳಪ್ಪ ಬೆಳ್ಳಗಾದ, ಒಳಗೆ ಇಣುಕಿದ ಬೀಗರೆಲ್ಲ ಬೆಳ್ಳಗಾಗಿ ಕೆಮ್ಮುತ್ತ ನಕ್ಕರು. ಗಿರಾಕಿಗಳಿಗೆ ಹುಚ್ಚು ಹಿಡಿದಂತಾಯಿತು. ಒಬ್ಬ ಸೀಟಿ ಹೊಡೆಯಲು ಹೋಗಿ ಎದ್ದ. ಒಬ್ಬ ಖಾರದ ಚಟ್ನಿ ನೆಕ್ಕಿ ಎದ್ದ. "ನನಗ ಈ ಪಲ್ಲೆ ಮೊದಲಿಂದನೂ ಸೇರೂದಿಲ್ಲ," ಎಂದು ನಿಜ ಹೇಳಿ ಒಬ್ಬ ಎದ್ದ. ತಲೆ ತಿರುಗಿದವರೆಲ್ಲ ಒಬ್ಬರ ಹೆಗಲು ಒಬ್ಬರು ಹಿಡಿದು, ನೆಟ್ಟಗೆ ನಿಲ್ಲಲಾರದೆ, ಗೋಡೆಯಿಂದ ಗೋಡೆಗೆ ಹೊಯ್ದಾಡುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಗುರಸವ್ವನ ಹೊಟ್ಟೆಯೂ ಕುಲುಕುತ್ತಿತ್ತು. ತುಟಿ ಮಾತ್ರ ಅವಳು ಗಟ್ಟಿಯಾಗಿ ಕಚ್ಚಿಹಿಡಿದಿದ್ದಳು.

"ಯಾರೂ ನಗಬ್ಯಾಡ್ರಿ! ಇದು ಮರ್ಯಾದಿ ಮನಿ!" ಎಂದು ಚೀರಿದಳು. "ಹುಸೇನಸಾಬಾ, ಕಲ್ಲು ತಾ ಲಗೂನ!"

ಹುಸೇನಸಾಬ, ಅವನ ಅಳಿಯ ಇಬ್ಬರೂ ಕಲ್ಲಿನ ಎರಡು ಭಾಗ ಹೊತ್ತು ತಂದರು. ಅಕ್ಕನ ಎರಡೂ ಬದಿ ಇಟ್ಟು ನೋಡಿದರೆ ಕೂಡುತ್ತಿಲ್ಲ. ಅವಳು ಈಗ ಎದೆಗೂಡಿನ ತನಕ ಇಳಿದಿದ್ದಳು. ಸೊಂಟಕ್ಕೆ ಕೊರೆದ ತೂತು ಅಲ್ಲಿಗೆ ಸಾಲುತ್ತಿರಲಿಲ್ಲ.

"ನನ್ನ ಅಳತಿ ಎಂದೂ ತಪ್ಪಿಲ್ಲ," ಎಂದು ಹುಸೇನಸಾಬ ದಾರವನ್ನು ಮೂಗಿನ ಹತ್ತಿರ ಹಿಡಿದು ನೋಡಿದ. "ಹೆಣ್ಮಗಳು ತಪ್ಪ್ಯಾಳ."

"ಕೊರಿ ಮತ್ತ, ಇನ್ನ ಸ್ವಲ್ಪ ಕೊರಿ!" ಎಂದಳು ಗುರಸವ್ವ.

ಟಕ್, ಟಕ್ ಎಂದು ಉಳಿಯ ಸದ್ದು ಶುರುವಾಯಿತು. ಅಕ್ಕ ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಕಣ್ಣರೆಪ್ಪೆಯ ಮೇಲೆಲ್ಲ ಹಿಟ್ಟು.

"ಮುಂದ ಏನ ಮಾಡ್ಲಿ ಫಕ್ಕೀ? ಹೇಳ. ನೀ ಹೇಳಿದಂಗ ಮಾಡ್ತೇನಿ."

ಆಗ ನನಗೆ ತಿಳಿಯಿತು. ಸೀಟಿ ಹೊಡೆದದ್ದಲ್ಲ ಅವಳು, ಹೇಳಿದ್ದನ್ನು ಕೇಳಿದ್ದು. ಹೆಸರು ಕೂಗಿದ್ದಲ್ಲ, ಹೇಳಿದ್ದನ್ನು ಕೇಳಿದ್ದು. ಹೇಳಿದ್ದನ್ನು ಕೇಳುವುದು ಅವಳು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ. ನಾನು ಒಂದೊಂದು ಧೈರ್ಯ ಹೇಳಿಕೊಟ್ಟಂತೆಲ್ಲ ಅವಳು ಒಂದೊಂದು ಬಟ್ಟು ಹೂತುಹೋಗುತ್ತಿದ್ದಳು. ಹಾಗಾದರೆ ನನ್ನ ಮಾತು ಕೇಳಬೇಡ ಎನ್ನಲೇ? ಅಂದರೆ ಅದನ್ನೂ ಕೇಳುತ್ತಾಳೆ, ಪಾಪ, ಅದಕ್ಕೂ ಒಂದು ಬಟ್ಟು ಇಳಿಯುತ್ತಾಳೆ.

ಹಿಂದೆ ಸರಿಯಲು ಕಾಲೆತ್ತಿದೆ. ಕಾಲು ಬರಲಿಲ್ಲ. ಬಗ್ಗಿ ನೋಡಿದರೆ ನನ್ನ ಎರಡೂ ಹಿಮ್ಮಡಿ ಆ ಅಡುಗೆಮನೆಯ ನೆಲದಲ್ಲಿ ಹೂತಿದ್ದವು. ನಾನು, ಎಬ್ಬಿಸುವವರ ಮನೆಯ ಮಗಳು, ಊರೆಲ್ಲ ತಿರುಗುವವಳು, ಓದುವ ಕೂಟದಲ್ಲಿ ಎಲ್ಲರಿಗಿಂತ ಗಟ್ಟಿ ದನಿಯವಳು! ನಿಜ ಹೇಳಬೇಕೆಂದರೆ, ಹಿತವಾಗಿತ್ತು. ಮತ್ತೊಬ್ಬರಿಗೆ ಏನು ಮಾಡಬೇಕೆಂದು ಹೇಳುತ್ತ ನಿಂತಿರುವುದು ಬೆಚ್ಚಗೇ ಇರುತ್ತದೆ.

ಬಾಯಿ ಮುಚ್ಚಿದೆ. ನನ್ನ ಜನ್ಮದಲ್ಲಿ ಮೊದಲ ಸಲ, ಹೇಳುವುದು ಬೇಕಾದಷ್ಟಿದ್ದರೂ ಬಾಯಿ ಮುಚ್ಚಿದೆ. ಹಿಮ್ಮಡಿ ಸಡಿಲವಾಯಿತು. ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಆನಿಕೊಂಡೆ. ತಲೆ ತಿರುಗುತ್ತಿತ್ತು.

"ಫಕ್ಕೀ?" ಎಂದಳು ಅಕ್ಕ. "ಯಾಕ ಸುಮ್ಮನಾದಿ?"

ನನ್ನ ಮೌನ ಅವಳಿಗೆ ಹೆದರಿಕೆ ಹುಟ್ಟಿಸಿತು. ಅತ್ತ ಇತ್ತ ನೋಡಿದಳು. ಹೇಳುವವರು ಬೇಕಾಗಿತ್ತು ಅವಳಿಗೆ. ಹೇಳುವವರಿಗೇನು ಕೊರತೆ?

"ಏ ಹೊಳೆವ್ವಾ!" ಹೊರಗಿನಿಂದ ಗುರಸವ್ವನ ದನಿ. "ಮಂದಿ ಎದ್ದ ಕುಣ್ಯಾಕತ್ತೈತಿ, ನೀ ಏನ ನೋಡತಿ? ರೊಟ್ಟಿ ಹಾಕ. ಬಿಸಿ ರೊಟ್ಟಿ ಬಿದ್ರ ಎಲ್ಲಾರೂ ತಮ್ಮತಮ್ಮ ಜಾಗಾದಾಗ ಕುಂದರತಾರ. ಹಾಕ ರೊಟ್ಟಿ!"

ಅಕ್ಕನ ಕೈ ಹಿಟ್ಟಿನ ಕಡೆ ಹೋಯಿತು. ಮುದ್ದೆ ಮುರಿಯಿತು, ಉಂಡೆ ಮಾಡಿತು. ಹೊರಗೆ ಆ ಮುದುಕ ಇನ್ನೂ "ನಾ ಎದ್ದೆ" ಎಂದು ಕುಣಿಯುತ್ತಿದ್ದ. ಮೈಗೆಲ್ಲ ಪಲ್ಲೆ ಬಳಿದುಕೊಂಡು, ಹಲ್ಲಿಲ್ಲದ ಬಾಯಿ ತೆರೆದು ನಗುವ ಅವನನ್ನು ಅಕ್ಕ ತೆರೆದ ಬಾಗಿಲಿನ ಮೂಲಕ ನೋಡಿದಳು. ಇಷ್ಟು ವರ್ಷ ಅವನು ಉಂಡದ್ದು ಅವಳ ಕೈಯ ರೊಟ್ಟಿ, ಅವನನ್ನು ಅವಳು ನೋಡಿದ್ದು ಅದೇ ಮೊದಲು. ಮತ್ತೆ ತನ್ನ ಕೈಯಲ್ಲಿನ ಉಂಡೆ ನೋಡಿದಳು. ಅದನ್ನು ಹಿಟ್ಟಿನ ಪರಾತದಲ್ಲಿ ಇಟ್ಟಳು. ಬಿಸಾಡಲಿಲ್ಲ, ಮೆಲ್ಲಗೆ ಇಟ್ಟಳು.

"ಒಲ್ಲೆ," ಎಂದಳು.

ಎಷ್ಟು ಸಣ್ಣ ದನಿಯೆಂದರೆ ಉಳಿಯ ಸದ್ದಿನಲ್ಲಿ ಅದು ಮುಳುಗಿಹೋಯಿತು. ಆದರೆ ನೆಲಕ್ಕೆ ಕೇಳಿಸಿತ್ತು. ಕೊಡದಲ್ಲಿ ನೀರು ಗುಡುಗುಡು ಎಂದಂತೆ ಕೆಳಗೇನೋ ಗುಡುಗುಟ್ಟಿತು, ಅಕ್ಕ ಸೊಂಟದ ತನಕ ಮೇಲೆ ಬಂದಳು.

"ಏನಂದಿ?" ಎಂದ ಬಾಳಪ್ಪ.

"ಒಲ್ಲೆ ಅಂದ್ನಿ." ಅವಳಿಗೇ ಆಶ್ಚರ್ಯವಾಗಿತ್ತು. ಆ ಮಾತಿನ ರುಚಿ ನೋಡುವವಳಂತೆ ತುಟಿ ಸವರಿಕೊಂಡಳು.

"ಹುಚ್ಚಿ, ಸುಮ್ಮನ ನಿಂದರ. ಕಲ್ಲು ಕೂಡಸಲಿ."

"ಒಲ್ಲೆ." ತೊಡೆ ಬಂತು.

"ಉಡಿ ತುಂಬ್ಸಕೋರೆ, ಯಾಳೆ ಮೀರತೈತಿ," ಎಂದರು ಬೀಗತಿಯರು.

"ಒಲ್ಲೆ!" ಮೊಣಕಾಲು.

"ತಲಿ ಮ್ಯಾಲ ಸೆರಗ ಹೊದ್ಕೋ, ಗಂಡಸರದಾರ!"

"ಅವರ ಹೊದ್ಕೊಳ್ಳಿ, ನಾ ಒಲ್ಲೆ!" ಎಂದು ನಕ್ಕುಬಿಟ್ಟಳು. ನಗು ಮುಗಿಯುವಷ್ಟರಲ್ಲಿ ಎರಡೂ ಪಾದ ನೆಲದ ಮೇಲಿದ್ದವು. ವರ್ಷಗಟ್ಟಲೆ ಬಿಸಿಲು ಕಾಣದ ಪಾದ, ಎಳೆಗೂಸಿನ ಪಾದದ ಹಾಗೆ ಬೆಳ್ಳಗೆ, ಮೆತ್ತಗೆ. ಒಂದನ್ನು ಎತ್ತಿ ಇಟ್ಟಳು, ಇನ್ನೊಂದನ್ನು ಎತ್ತಿದಳು, ವಾಲಿದಳು. ಬಾಳಪ್ಪ ಹಿಡಿಯಲು ಕೈ ಚಾಚಿದ, ಹುಸೇನಸಾಬ ಕೈ ಚಾಚಿದ, ನಾನೂ ಚಾಚಿದೆ. ಯಾರ ಕೈಯನ್ನೂ ಹಿಡಿಯಲಿಲ್ಲ. ಒಲೆಯ ದಂಡೆ ಹಿಡಿದಳು, ಬಾಗಿಲ ಚೌಕಟ್ಟು ಹಿಡಿದಳು. ಆಮೇಲೆ ಏನನ್ನೂ ಹಿಡಿಯಲಿಲ್ಲ.

ಸಾಲುಗಳ ನಡುವೆ ತೂರಾಡುತ್ತ ನಡೆದಳು. ಎದ್ದಿದ್ದ ಗಿರಾಕಿಗಳು ಅವಳಿಗೆ ದಾರಿ ಬಿಡಲು ಹೋಗಿ ಒಬ್ಬರ ಮೇಲೊಬ್ಬರು ಬಿದ್ದರು. ಮುದುಕ ಕೈಮುಗಿದ. ಗಲ್ಲಾಪೆಟ್ಟಿಗೆಯ ಹತ್ತಿರ ಬಂದಾಗ ಗುರಸವ್ವ ಬಾಯಿ ತೆರೆದಳು. ಬೈಗುಳಕ್ಕೆ ತೆರೆದದ್ದೇ. ಆದರೆ ಕಚ್ಚಿಹಿಡಿದ ತುಟಿ ಬಿಟ್ಟದ್ದೇ ತಡ, ಅಷ್ಟು ಹೊತ್ತು ಹೊಟ್ಟೆಯಲ್ಲಿ ತಡೆದ ನಗು ಹೊರಬಿತ್ತು. ನಕ್ಕಳು, ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣೀರು ಸುರಿಸುತ್ತ ನಕ್ಕಳು. ಪೆಟ್ಟಿಗೆಯನ್ನು ಗಟ್ಟಿಯಾಗಿ ತಬ್ಬಿ ಹಿಡಿದು, ಏಳದಂತೆ ತನ್ನನ್ನು ತಾನೇ ಕೆಳಗೆ ಒತ್ತಿಕೊಳ್ಳುತ್ತಿದ್ದಳು.

"ಹೋಗಬ್ಯಾಡ ನಿಂದರ," ಎಂದಳು ನಗುವಿನ ನಡುವೆಯೇ. "ಏ ಹೊಳೆವ್ವಾ... ಹೆಂಗ ಅಂದಿ ಅದನ್ನ?"

ಅಕ್ಕ ನಿಲ್ಲಲಿಲ್ಲ. ಬೀದಿಗೆ ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು. ಮಣ್ಣಿನ ಮೇಲೆ ಪಾದ ಉಜ್ಜಿದಳು, ಕಚಗುಳಿಯಾಗಿ ನಕ್ಕಳು, ಗಿರ್ರನೆ ಒಂದು ಸುತ್ತು ತಿರುಗಿದಳು. ಊರಿನ ಅರ್ಧ ಜನ ಬಾಗಿಲಿಗೆ ಬಂದು ನಿಂತಿತ್ತು, ಉಳಿದ ಅರ್ಧ ತಮ್ಮ ಕುಳಿಗಳಿಂದ ಕುತ್ತಿಗೆ ಉದ್ದ ಮಾಡಿತ್ತು. ನಾನು ಕುಣಿಯುವುದೊಂದು ಬಾಕಿ. ಟಾಂಗಾದವನಿಗೆ ಕೈ ಮಾಡಿದೆ. ಅವನು ಕುದುರೆಯನ್ನು ತಿರುಗಿಸಿ ಅವಳ ಮುಂದೆಯೇ ತಂದು ನಿಲ್ಲಿಸಿದ.

"ಹತ್ತಕ್ಕಾ," ಎಂದೆ. "ಮನಿಗೆ ಹೋಗೂಣು. ಅಪ್ಪ ದಾರಿ ಕಾಯಾಕತ್ತಾನ. ನಿನ್ನ ಹಾಸಗಿ ಹಾಸಿ ಬಂದೇನಿ. ಹತ್ತ ಲಗೂ."

ಅಕ್ಕ ಟಾಂಗಾ ನೋಡಿದಳು. ನಮ್ಮ ಓಣಿಯ ಕಡೆಗೆ ಹೋಗುವ ದಾರಿ ನೋಡಿದಳು. ಇನ್ನೊಂದು ಕಡೆ ಹೋಗುವ ದಾರಿಯನ್ನೂ ನೋಡಿದಳು. ಆ ದಾರಿಯಲ್ಲಿ ಅವಳೂ ಹೋದವಳಲ್ಲ, ನಾನೂ ಹೋದವಳಲ್ಲ. ಆಮೇಲೆ ನನ್ನ ಕಡೆ ತಿರುಗಿ, ಹಿಟ್ಟು ಮೆತ್ತಿದ ಎರಡೂ ಕೈಗಳಿಂದ ನನ್ನ ಕೆನ್ನೆ ಹಿಡಿದಳು. ಅವಳ ತಲೆ ಇನ್ನೂ ತಿರುಗುತ್ತಿತ್ತು, ನಿಂತಲ್ಲೇ ವಾಲಾಡುತ್ತಿದ್ದಳು, ಮುಖದ ತುಂಬ ನಗು.

"ಒಲ್ಲೆ ಫಕ್ಕೀ," ಎಂದಳು.